ಎರಡೂ ಕೈ ಮುಗಿದ ಚಿಕ್ಕಪ್ಪ

ಚಿಕ್ಕಪ್ಪ ಗಾಡಿಯಿಂದ ಬಿದ್ದರೋ ತಾವಾಗಿ ಇಳಿದರೋ ನಾನು ಕಾಣೆ. ಗಾಡಿ ಓಡಿಸುತ್ತಿದ್ದವನು ನಾನೇ ಆದರೂ ಈ ವಿಷಯದಲ್ಲಿ ನನ್ನ ಸಾಕ್ಷಿಗೆ ಬೆಲೆಯಿಲ್ಲ. ನಡೆದದ್ದು ನನ್ನ ಬೆನ್ನ ಹಿಂದೆ. ನಾನಾಗ ಮೋಟಾರ್‌ಸೈಕಲ್ ಕಲಿಯುತ್ತಿದ್ದೆ. ಹೊಸದಾಗಿ ಕಲಿಯುವವನಿಗೆ ಬೆನ್ನ ಹಿಂದೆ ಪ್ರಪಂಚವೇ ಇರುವುದಿಲ್ಲ. ಮೇಲಾಗಿ ಈ ಕಥೆಯನ್ನು ಮದುವೆಮನೆಗಳಲ್ಲಿ, ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಮೈಸೂರಿನ ರೈಲಿನಲ್ಲಿ ಹೇಳಿ ಹೇಳಿ ಎಷ್ಟು ನುಣುಪು ಮಾಡಿಬಿಟ್ಟಿದ್ದೇನೆಂದರೆ, ನೆನಪು ಎಲ್ಲಿ ಮುಗಿದು ಕೈಚಳಕ ಎಲ್ಲಿ ಶುರುವಾಗುತ್ತದೆಂದು ನನಗೇ ತಿಳಿಯದು. ಕೆಲವು ವರ್ಷ ಇದರಲ್ಲೊಂದು ಕೋತಿಯೂ ಇತ್ತು. ಅದು ಚಿಕ್ಕಪ್ಪನ ಪೇಟವನ್ನು ಎತ್ತಿಕೊಂಡು ಗೋಪುರ ಹತ್ತುತ್ತಿತ್ತು. ಕೋತಿಯನ್ನು ತಂದು ಸೇರಿಸಿದವನು ನಾನೇ ಎಂದು ಈಚೆಗೆ ಹೊಳೆಯಿತು, ಬಿಟ್ಟುಬಿಟ್ಟೆ. ಉಳಿದದ್ದನ್ನೂ ನೀವು ಸ್ವಲ್ಪ ಅನುಮಾನವಿಟ್ಟುಕೊಂಡೇ ಓದುವುದು ಒಳ್ಳೆಯದು.

ಇದೆಲ್ಲ ಮತ್ತೆ ತಲೆಗೆ ಬಂದದ್ದು ಮೊನ್ನೆ ವಿಜಯನಗರದಲ್ಲಿ. ಸ್ಕೂಟರಿನಲ್ಲಿ ಹೋಗುತ್ತಿದ್ದ ತರುಣನೊಬ್ಬ ರಸ್ತೆ ಬದಿಯ ಗಣಪತಿ ಗುಡಿ ಕಂಡದ್ದೇ ಬಲಗೈ ಎತ್ತಿ ತುಟಿಗೆ ಮುಟ್ಟಿಸಿ ಎದೆಗೆ ಮುಟ್ಟಿಸಿದ. ಸ್ಕೂಟರು ಹಠಾತ್ತನೆ ನಿಧಾನವಾಯಿತು. ಹಿಂದಿದ್ದ ಆಟೋದವನು ಬ್ರೇಕು ಹಾಕಿ ತಲೆ ಹೊರಗೆ ಹಾಕಿದ.

"ಏನ್ ಗುರು, ದೇವ್ರಿಗೆ ನಮಸ್ಕಾರ ಮಾಡೋಕೆ ನಡುರಸ್ತೇನೇ ಬೇಕಾ?"

"ನಿಮ್ಮದೂ ಸೇರಿಸಿ ಮಾಡಿದೀನಿ ಅಣ್ಣ, ಹೋಗಿ" ಅಂದ ಹುಡುಗ.

ಆಟೋದವನು ನಕ್ಕು ಮುಂದೆ ಹೋದ. ನಾನು ಮಾತ್ರ ಫುಟ್‌ಪಾತಿನಲ್ಲಿ ಹಾಗೇ ನಿಂತೆ. ದೇವರಿಗೆ ಎಡಗೈಯಲ್ಲಿ ನಮಸ್ಕರಿಸುವಂತಿಲ್ಲ. ಆಕ್ಸಿಲರೇಟರ್ ಇರುವುದು ಬಲಗೈಯಲ್ಲಿ. ಈ ಎರಡು ಸಂಗತಿಗಳು ಒಂದಕ್ಕೊಂದು ಎದುರಾದಾಗ ನಮ್ಮ ಊರಿನ ಗಾಡಿಗಳು ಪ್ರತಿ ಗುಡಿಯ ಮುಂದೂ ಒಂದು ಉಸಿರು ಕಡಿಮೆ ಎಳೆಯುತ್ತವೆ. ಇದನ್ನು ನಾನು ಮೊದಲು ಕಂಡುಕೊಂಡದ್ದು ಚಿಕ್ಕಪ್ಪನ ಬೆನ್ನಿಗೆ ಮೂಗು ಒತ್ತಿಕೊಂಡು ಕೂತಾಗ.

ಚಿಕ್ಕಪ್ಪ ಒಂದು ಕಾರ್ಖಾನೆಯ ಮೆಷಿನ್ ಶಾಪಿನಲ್ಲಿ ಸೂಪರ್‌ವೈಸರ್ ಆಗಿದ್ದರು. ನಾನು ಎಂ.ಎ. ಓದಲು ಊರಿನಿಂದ ಬಂದು ಅವರ ಮನೆಯಲ್ಲಿದ್ದೆ. ತತ್ತ್ವಶಾಸ್ತ್ರ ನನ್ನ ವಿಷಯ. ಆ ವಯಸ್ಸಿನಲ್ಲಿ ಆ ವಿಷಯ ಓದಿದವರು ಹೇಗಿರುತ್ತಾರೋ ಹಾಗೇ ಇದ್ದೆ: ಊಟದ ತಟ್ಟೆಯ ಮುಂದೆ ಕೂತು ತಟ್ಟೆ ಇದೆಯೋ ಇಲ್ಲವೋ ಎಂದು ಕೇಳಿ, ಇದೆ ಎಂಬ ಧೈರ್ಯದಲ್ಲಿ ಎರಡನೆಯ ಸಲ ಸಾರು ಹಾಕಿಸಿಕೊಳ್ಳುತ್ತಿದ್ದೆ.

ಮನೆ ಇದ್ದದ್ದು ರಾಜಾಜಿನಗರದಲ್ಲಿ. ಈಗಿನವರು ಆ ಹೆಸರು ಕೇಳಿದರೆ ಬೇರೇನನ್ನೋ ಊಹಿಸಿಕೊಳ್ಳುತ್ತಾರೆ. ಐವತ್ತರ ದಶಕದಲ್ಲಿ ಅಲ್ಲಿ ಮೊದಲು ರಸ್ತೆಗಳು ಬಂದವು, ಮನೆಗಳು ಆಮೇಲೆ ಬಂದವು. ನಡುವಿನ ವರ್ಷಗಳಲ್ಲಿ ಅದು ಯಾರೂ ಇಲ್ಲದ ಊರು. ಅಚ್ಚುಕಟ್ಟಾದ ಅಡ್ಡರಸ್ತೆಗಳು, ಸಾಲಾಗಿ ನೆಟ್ಟ ಸೈಟಿನ ಕಲ್ಲುಗಳು, ಕಲ್ಲುಗಳ ನಡುವೆ ಹುರುಳಿ ಬಿತ್ತಿದ್ದ ಹಳೇ ರೈತರು. ಅಲ್ಲೊಂದು ಇಲ್ಲೊಂದು ಹೆಂಚಿನ ಮನೆ. ಸಂಜೆಯಾದರೆ ನರಿ ಕೂಗುತ್ತಿತ್ತು. ಬಸ್ಸು ಹಿಡಿಯಲು ಬಹಳ ದೂರ ನಡೆಯಬೇಕಿತ್ತು.

ಚಿಕ್ಕಮ್ಮ ಆ ಮನೆಯಲ್ಲಿ ಒಂದು ಮಳೆಗಾಲ ಕಳೆದಳು. ಅವಳದು ಕೆಂಗೇರಿ, ಮನೆ ತುಂಬ ಜನ, ಬೀದಿ ತುಂಬ ಮಾತು ಇದ್ದ ಕಡೆಯಿಂದ ಬಂದವಳು. ಇಲ್ಲಿ ಚಿಕ್ಕಪ್ಪ ಕಾರ್ಖಾನೆಗೆ, ನಾನು ಕಾಲೇಜಿಗೆ ಹೋದ ಮೇಲೆ ಅವಳಿಗೆ ಮಾತಾಡಲು ಒಂದು ನರಪಿಳ್ಳೆಯೂ ಇರಲಿಲ್ಲ. ಒಂದು ದಿನ ಜ್ವರದಲ್ಲಿ ಮಲಗಿದ್ದವಳು ನೀರು ಕೇಳಲು ಯಾರನ್ನು ಕೂಗಬೇಕೆಂದು ಯೋಚಿಸಿ, ಯಾರೂ ಹೊಳೆಯದೆ, ಮಾರನೆಯ ವಾರ ಟ್ರಂಕು ಕಟ್ಟಿಕೊಂಡು ತವರಿಗೆ ಹೋದಳು. ಜಗಳವೇನೂ ಆಗಲಿಲ್ಲ. ಹೊಸಿಲಲ್ಲಿ ನಿಂತು ಚಿಕ್ಕಪ್ಪನಿಗೆ ಹೇಳಿದ ಮಾತು ನನಗೆ ನೆನಪಿದೆ, ಅಥವಾ ನೆನಪಿದೆ ಅಂದುಕೊಂಡಿದ್ದೇನೆ.

"ಕಾಡಲ್ಲಿ ಮನೆ ಮಾಡಿದೀರ. ಊರಿಗೆ ಹೋಗಿಬರೋಕೆ ಒಂದು ದಾರಿ ಮಾಡ್ಕೊಂಡು ನೀವೇ ಬಂದು ಕರೀರಿ, ಬರ್ತೀನಿ. ಇನ್ಯಾರನ್ನೋ ಕಳಿಸಬೇಡಿ."

ಆ 'ದಾರಿ'ಯೇ ಮೋಟಾರ್‌ಸೈಕಲ್. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಗಾಡಿ. ಮೂರು ಕೈ ದಾಟಿ ಚಿಕ್ಕಪ್ಪನ ಕೈಗೆ ಬಂದಿತ್ತು. ಪಾಚಿಬಣ್ಣ. ಹಿಂದೆ ಸೀಟು ಇರಲಿಲ್ಲ, ಕಬ್ಬಿಣದ ಕ್ಯಾರಿಯರ್ ಇತ್ತು. ಅದರ ಮೇಲೆ ತೆಂಗಿನ ನಾರಿನ ದಿಂಬೊಂದನ್ನು ಹಗ್ಗದಲ್ಲಿ ಬಿಗಿದರು. ಅದರ ಸದ್ದಿಗೆ ಹುರುಳಿ ಹೊಲದ ರೈತರು ಮೊದಮೊದಲು ಕುಡುಗೋಲು ಕೆಳಗಿಟ್ಟು ನೋಡುತ್ತಿದ್ದರು.

ಚಿಕ್ಕಪ್ಪ ಅದನ್ನು ಬೇಗ ಕಲಿತರು. ಖಾಕಿ ಪ್ಯಾಂಟು ತೊಟ್ಟು ಕಾರ್ಖಾನೆಗೂ ಹೋಗತೊಡಗಿದರು. ಹಾಗಾದರೆ ನೆಟ್ಟಗೆ ಕೆಂಗೇರಿಗೆ ಹೋಗಿ ಹೆಂಡತಿಯನ್ನು ಕರೆಯುವುದಕ್ಕೇನು ಅಂತ ನೀವು ಕೇಳಬಹುದು. ನಾನೂ ಕೇಳಿದೆ.

"ಮಾವನ ಮನೆಗೆ ಪ್ಯಾಂಟು ಹಾಕ್ಕೊಂಡು ಹೋಗ್ತಾರೇನೋ?" ಅಂದರು. "ಪಂಚೆ ಉಟ್ಟು, ಕೋಟು ಹಾಕಿ, ಪೇಟ ಸುತ್ಕೊಂಡು ಹೋಗ್ಬೇಕು. ಅಳಿಯ ಅಂದ್ಮೇಲೆ ಅಳಿಯನ ಹಾಗೆ ಕಾಣ್ಬೇಕು."

"ಸರಿ, ಪಂಚೆ ಉಟ್ಟುಕೊಂಡೇ ಓಡಿಸಿ."

"ಕಿಕ್ ಹೊಡೆಯೋವಾಗ ಏನಾಗತ್ತೆ ಅಂತ ಯೋಚ್ನೆ ಮಾಡು. ತತ್ತ್ವಶಾಸ್ತ್ರ ಓದಿದೀಯಲ್ಲ."

ಯೋಚಿಸಿದೆ, ಒಪ್ಪಿದೆ. ಪಂಚೆ ಉಟ್ಟ ಅಳಿಯ ಹಿಂದೆಯೇ ಕೂರಬೇಕು. ಮುಂದೆ ಕೂರಲು ಪ್ಯಾಂಟಿನವನೊಬ್ಬ ಬೇಕು. ಮನೆಯಲ್ಲಿದ್ದ ಇನ್ನೊಂದು ಪ್ಯಾಂಟು ನನ್ನದು. ಹೀಗೆ ನನ್ನ ಕಲಿಕೆ ಶುರುವಾಯಿತು. ಯೋಜನೆಯೂ ಸಿದ್ಧವಾಯಿತು: ಗಾಡಿಯಲ್ಲಿ ಹೋಗಿ ಮಾವನ ಮನೆ ಬಾಗಿಲಿಗೆ ನಿಲ್ಲಿಸುವುದು, ಚಿಕ್ಕಮ್ಮ ಅದನ್ನು ಕಣ್ಣಾರೆ ನೋಡುವುದು, ಗಂಡ ಹೆಂಡತಿ ಸಂಜೆ ರೈಲಿಗೆ ಕೆಂಗೇರಿಯಿಂದ ಹೊರಡುವುದು, ನಾನು ಟ್ರಂಕನ್ನು ಕ್ಯಾರಿಯರಿಗೆ ಕಟ್ಟಿಕೊಂಡು ಮನೆಗೆ ಬರುವುದು.

ಮೋಟಾರ್‌ಸೈಕಲ್ ಕಲಿಯಲು ಆ ಕಾಲದ ರಾಜಾಜಿನಗರಕ್ಕಿಂತ ಒಳ್ಳೆಯ ಜಾಗ ಭೂಮಿಯ ಮೇಲೆ ಇದ್ದಿರಲಾರದು. ಎಡವಿ ಬೀಳಲು ಬೇಕಾದಷ್ಟು ರಸ್ತೆ, ನೋಡಿ ನಗಲು ಜನವಿಲ್ಲ. ಆ ಗಾಡಿಯಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಎಡ ಬಲಗಳ ಭೇದ ಮನಸ್ಸಿನ ಕಲ್ಪನೆ ಎಂದು ಬೆಳಿಗ್ಗೆ ಪ್ರೊಫೆಸರರ ಬಾಯಲ್ಲಿ ಕೇಳಿ ಬಂದವನು ಸಂಜೆ ಒಂದು ಸೈಟಿನ ಕಲ್ಲಿಗೆ ಹೋಗಿ ಗುದ್ದಿದೆ. ಕಲ್ಲು ಉರುಳಿತು. ಚಿಕ್ಕಪ್ಪ ಅದನ್ನು ಎತ್ತಿ ನೆಟ್ಟರು, ಆದರೆ ಮೊದಲಿದ್ದ ಜಾಗದಲ್ಲೇ ನೆಟ್ಟರೆಂದು ನಾನು ಪ್ರಮಾಣ ಮಾಡಲಾರೆ. ಅಲ್ಲೀಗ ಮೂರಂತಸ್ತಿನ ಮನೆಯಿದೆ. ಅದರ ಕಾಂಪೌಂಡಿನ ಪಕ್ಕ ಹಾದು ಹೋಗುವಾಗ ನಾನು ಸ್ವಲ್ಪ ಬೇಗ ನಡೆಯುತ್ತೇನೆ.

ಕ್ಲಚ್ಚು ನನಗೆ ಬಹಳ ದಿನ ಒಲಿಯಲಿಲ್ಲ. ಬಿಟ್ಟ ಕೂಡಲೇ ಗಾಡಿ ಚಂಗನೆ ನೆಗೆದು ಸತ್ತುಹೋಗುತ್ತಿತ್ತು.

"ಹಾಗೆ ಬಿಡಬಾರ್ದು ಕಣೋ ನಂಜ" ಎನ್ನುತ್ತಿದ್ದರು ಚಿಕ್ಕಪ್ಪ. "ನಿದ್ದೆ ಮಾಡ್ತಿರೋ ಮಗು ತಲೆ ಕೆಳಗಿಂದ ಕೈ ತೆಗೀತೀವಲ್ಲ, ಹಾಗೆ ತೆಗೀಬೇಕು."

ಅವರಿಗೆ ಮಕ್ಕಳಿರಲಿಲ್ಲ. ಎಲ್ಲಿಂದ ಕಲಿತರೋ ಆ ಮಾತನ್ನು.

ಇನ್ನೊಂದು ಪಾಠವನ್ನು ನಾನು ಕಲಿಯಲು ಒಪ್ಪಲಿಲ್ಲ. ನಮ್ಮ ಮನೆಯಾಚೆ ಬೇವಿನ ಮರದಡಿ ಮುನೇಶ್ವರನ ಕಲ್ಲಿತ್ತು. ಅದನ್ನು ದಾಟುವಾಗ ಚಿಕ್ಕಪ್ಪ ಬಲಗೈ ಎತ್ತುತ್ತಿದ್ದರು, ಗಾಡಿ ಕುಗ್ಗುತ್ತಿತ್ತು. ಮಾಗಡಿ ರಸ್ತೆಯ ಮಾರಮ್ಮನ ಮುಂದೂ ಹಾಗೇ. ಊರಿನಲ್ಲಿ ನಮ್ಮ ತಾತನ ಎತ್ತಿನ ಗಾಡಿಯೂ ಹೀಗೇ ಗುಡಿಯ ಮುಂದೆ ನಿಲ್ಲುತ್ತಿತ್ತು. ತಾತ ಹಗ್ಗ ಬಿಟ್ಟು ಕೈ ಮುಗಿಯುವುದನ್ನು ಎತ್ತುಗಳು ಎಷ್ಟು ಅಭ್ಯಾಸ ಮಾಡಿಕೊಂಡಿದ್ದವೆಂದರೆ, ತಾತ ಇಲ್ಲದೆ ಆಳು ಗಾಡಿ ಹೂಡಿದ ದಿನವೂ ಅಲ್ಲಿ ನಿಂತು ಮೂಗು ಒರೆಸಿಕೊಂಡು ಮುಂದೆ ಹೋಗುತ್ತಿದ್ದವು. ಗೊರಸಿನ ಗಾಡಿಗೆ ಇದು ಸರಿ, ಪೆಟ್ರೋಲಿನ ಗಾಡಿಗೆ ಸರಿಯಲ್ಲ ಎಂದು ನನ್ನ ವಾದ. ಚಿಕ್ಕಪ್ಪನದು ಒಂದೇ ಉತ್ತರ.

"ನೀನು ಎತ್ಬೇಡ. ನಾನು ಎತ್ತಿದ್ರೆ ನಿಂಗೇನು ನಷ್ಟ?"

ಬರುತ್ತೇವೆಂದು ಕೆಂಗೇರಿಗೆ ಮೊದಲೇ ಕಾಗದ ಹಾಕಿ, ಕೊನೆಗೊಂದು ಭಾನುವಾರ ಬೆಳಿಗ್ಗೆ ಹೊರಟೆವು. ಚಿಕ್ಕಪ್ಪ ಮಲ್ಲು ಪಂಚೆ ಉಟ್ಟಿದ್ದರು, ಇಸ್ತ್ರಿ ಮಾಡಿದ ಕಪ್ಪು ಕೋಟು ತೊಟ್ಟಿದ್ದರು, ಜರಿಯಂಚಿನ ಪೇಟ ಸುತ್ತಿದ್ದರು. ಪಂಚೆಯ ದೆಸೆಯಿಂದ ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟು ದಿಂಬಿನ ಮೇಲೆ ಕೂತರು. ನಿಧಾನವಾಗಿ ಹೋಗಪ್ಪ ಅಂದರು. ಆ ದಿನ ಮಾತ್ರ ನನ್ನನ್ನು 'ಅಪ್ಪ' ಅಂದರು. ಟೋಲ್‌ಗೇಟ್ ದಾಟಿ, ಇಂದು ವಿಜಯನಗರವಾಗಿರುವ ರಾಗಿ ಹೊಲಗಳ ನಡುವಿನ ಗಾಡಿಜಾಡು ಹಿಡಿದು ಮೈಸೂರು ರಸ್ತೆಗೆ ಬಿದ್ದೆವು. ನನ್ನ ಭುಜ ಹಿಡಿದಿದ್ದ ಅವರ ಕೈಯಿಂದ ಸ್ವಲ್ಪ ಬೆವರು ನನ್ನ ಅಂಗಿಗೆ ಇಳಿಯುತ್ತಿತ್ತು.

ಮೈಸೂರು ರಸ್ತೆಯಲ್ಲಿ ಆಂಜನೇಯನ ಗುಡಿ ಬರುತ್ತದೆ. ಅದು ಹತ್ತಿರವಾಗುತ್ತಿದ್ದಂತೆ ಚಿಕ್ಕಪ್ಪ ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದರು:

"ಗಾಡಿ ತಗೊಂಡಾಗಿಂದ ಈ ಸ್ವಾಮಿಗೆ ಒಂದೇ ಕೈ ಕೊಡ್ತಿದ್ದೆ ಕಣೋ. ಇವತ್ತು ಎರಡೂ ಕೈ ಮುಗೀಬೋದು."

ಇಷ್ಟು ನಿಜವಾಗಿ ಕೇಳಿದ್ದು. ಇದನ್ನು ನಾನು ಸೇರಿಸಿದ್ದಲ್ಲ. ಮುಂದೆ ಬರುವುದರ ಬಗ್ಗೆ ಹಾಗೆ ಹೇಳಲಾರೆ. ಗುಡಿಯ ಮುಂದೆ ಒಂದು ಎತ್ತಿನ ಗಾಡಿ ಅಡ್ಡ ಬಂತು. ನಾನು ನಿಧಾನ ಮಾಡಿದೆ, ಬಹುಶಃ ನಿಂತೇಬಿಟ್ಟೆ, ಗೇರು ಬದಲಾಯಿಸಿದೆ, ಕ್ಲಚ್ಚು ಬಿಟ್ಟೆ. ಮಗುವಿನ ತಲೆಯ ಕೆಳಗಿನಿಂದ ಕೈ ತೆಗೆದ ಹಾಗೆ ಬಿಟ್ಟೆನೋ, ಚಂಗನೆ ನೆಗೆಸಿದೆನೋ ತಿಳಿಯದು. ಆಮೇಲೆ ಗಾಡಿ ಹಿಂದೆಂದೂ ಓಡದಷ್ಟು ಸಲೀಸಾಗಿ ಓಡಿತು. ತಿರುವುಗಳಲ್ಲಿ ತೂಗಾಡಲಿಲ್ಲ, ಏರಿನಲ್ಲಿ ಏದುಸಿರು ಬಿಡಲಿಲ್ಲ. ಅಂತೂ ನನಗೆ ಸವಾರಿ ಬಂತು ಅಂದುಕೊಂಡೆ.

ಹುರುಪಿನಲ್ಲಿ ಮಾತಿಗೂ ಶುರುಮಾಡಿದೆ. ನಾಯಂಡಹಳ್ಳಿ ದಾಟುವಾಗ ದೇವರಿದ್ದಾನೆ ಎನ್ನುವುದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣಗಳನ್ನು ಒಂದೊಂದಾಗಿ ಖಂಡಿಸಿದೆ. ವೃಷಭಾವತಿಯ ಹೊಳೆಯ ಹತ್ತಿರ ಕರ್ಮಸಿದ್ಧಾಂತಕ್ಕೆ ಕೈಹಾಕಿದೆ. ಚಿಕ್ಕಪ್ಪ ಒಂದಕ್ಕೂ ಎದುರಾಡಲಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ಅವರನ್ನು ವಾದದಲ್ಲಿ ಸೋಲಿಸಿದ ಸಂತೋಷದಲ್ಲಿ ಕೆಂಗೇರಿ ತಲುಪಿದೆ.

ಮನೆಯ ಮುಂದೆ ಗಾಡಿ ನಿಂತಾಗ ಬೀದಿಯೆಲ್ಲ ಬಾಗಿಲಿಗೆ ಬಂದಿತ್ತು. ಜಗಲಿಯ ಮೇಲೆ ಟ್ರಂಕು ಇತ್ತು. ಅದರ ಪಕ್ಕ ಚಿಕ್ಕಮ್ಮ ಮದುವೆಯ ಸೀರೆಯೊಂದನ್ನು ಉಟ್ಟು, ತಲೆಗೆ ಮಲ್ಲಿಗೆ ಮುಡಿದು ನಿಂತಿದ್ದಳು. ನನ್ನನ್ನು ನೋಡಿದಳು, ನನ್ನ ಹಿಂದೆ ನೋಡಿದಳು.

"ಅವ್ರೆಲ್ಲಿ?"

ನಾನು ತಿರುಗಿ ನೋಡಿದೆ. ದಿಂಬು ಇತ್ತು. ಅದರ ನಡುವೆ ಒಬ್ಬರು ಕೂತು ಎದ್ದ ತಗ್ಗು ಇತ್ತು.

"ಇದ್ರಲ್ಲ" ಅಂದೆ.

ಚಿಕ್ಕಮ್ಮನ ಅಣ್ಣ ತಮ್ಮಣ್ಣಮಾವ ಗಾಡಿಯನ್ನು ಒಂದು ಸುತ್ತು ಬಂದ. ಹೊಲ ಗದ್ದೆ ನೋಡಿಕೊಂಡಿದ್ದ ಗಟ್ಟಿ ಆಳು, ಮಾತೂ ಹಾಗೇ. "ಏನ್ಲಾ, ಗಾಡೀಲಿ ಅಳಿಯನ್ನ ಕರ್ಕೊಂಡು ಬಾ ಅಂದ್ರೆ ದಿಂಬು ತಂದಿದೀಯ?"

"ಬಿದ್ದಿರಬೇಕು ಮಾವ. ಆಂಜನೇಯನ ಗುಡಿ ಹತ್ರ ಕೈ ಮುಗೀತೀನಿ ಅಂದ್ರು."

"ಅಲ್ಲಿ ಬಿದ್ದೋರು ಇಲ್ಲಿಗಂಟ ನಿಂಗೆ ಗೊತ್ತಾಗ್ಲಿಲ್ಲ?"

"ಸದ್ದು ಜಾಸ್ತಿ."

ಬೀದಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಚಿಕ್ಕಮ್ಮ ನಗಲಿಲ್ಲ. ಮೆಟ್ಟಿಲಿಳಿದು ಬಂದು ದಿಂಬನ್ನು ಒಮ್ಮೆ ಒತ್ತಿ ನೋಡಿದಳು.

"ಬೀಳೋರು ಕೂಗ್ತಾರೆ ಕಣಪ್ಪ" ಅಂದಳು. "ಇಳಿಯೋರು ಕೂಗಲ್ಲ. ದಾರೀಲಿ ಮನಸ್ಸು ಬದಲಾಯ್ತು ಅನ್ನು. ನಿನ್ನನ್ನ ಕಳಿಸಿದ್ರು ಅನ್ನು."

ನಾನು ಏನೇನೋ ಹೇಳಿದೆ. ಹೋಗಿ ಕರೆತರುತ್ತೇನೆ, ಇಲ್ಲೇ ಇರು ಅಂದೆ. ಗಾಡಿ ತಿರುಗಿಸುವಷ್ಟರಲ್ಲಿ ಅದು ಎರಡು ಸಲ ಸತ್ತಿತು. ಮೂರನೆಯ ಕಿಕ್ಕಿಗೆ ತಲೆಯೆತ್ತಿ ನೋಡಿದರೆ ಚಿಕ್ಕಮ್ಮ ಟ್ರಂಕನ್ನು ಒಬ್ಬಳೇ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಅಣ್ಣ ಕೈಹಾಕಲು ಬಂದಾಗ ಬೇಡವೆಂದು ತಲೆಯಾಡಿಸಿದಳು.

ಗುಡಿಯ ಹತ್ತಿರ ಚಿಕ್ಕಪ್ಪ ಇರಲಿಲ್ಲ. ಹೂ ಮಾರುತ್ತಿದ್ದ ಹೆಂಗಸನ್ನು ಕೇಳಿದೆ.

"ಪೇಟದೋರಾ? ಆಗ್ಲೇ ಹೋದ್ರು ಸ್ವಾಮಿ, ಸಿಟಿ ಕಡೆ, ಜಟಕಾದಲ್ಲಿ."

"ಬಿದ್ದದ್ದು ನೋಡಿದಿರಾ?"

"ನಾ ಹೂ ಕಟ್ತಿದ್ದೆ. ತಲೆ ಎತ್ತಿದಾಗ ನಿಂತಿದ್ರು."

ಮನೆಗೆ ಬಂದೆ. ಚಿಕ್ಕಪ್ಪ ತುಂಬುತೋಳಿನ ಅಂಗಿ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದರು.

"ಗಾಡಿಗೇನೂ ಆಗಿಲ್ವಲ್ಲ?"

"ನೀವು ಬಿದ್ದಿರಾ ಚಿಕ್ಕಪ್ಪ?"

"ಮತ್ತೇನು ಹಾರ್ಕೊಂಡ್ನಾ? ಎರಡೂ ಕೈ ಮುಗ್ದಿದ್ದೆ, ನಿನ್ನ ಗಾಡಿ ಎಗರ್ತು."

"ಬಸ್ಸು ಹಿಡಿದು ಕೆಂಗೇರಿಗೆ ಬರಬಹುದಿತ್ತಲ್ಲ. ಯಾಕೆ ಈ ಕಡೆ ಬಂದಿರಿ?"

"ಪಂಚೆ ಹಿಂದ್ಗಡೆ ಹರ್ದಿತ್ತು. ಹರ್ದ ಪಂಚೇಲಿ ಮಾವನ ಮನೆ ಬಾಗಿಲಲ್ಲಿ ನಿಂತ್ಕೊಳ್ಲಾ?" ಅಂದರು. ಆಮೇಲೆ, "ಅವಳು ಏನಂದ್ಲು?"

ಹೇಳಿದೆ. ಮುಂದಿನ ಭಾನುವಾರ ಮತ್ತೆ ಹೋಗೋಣ ಎಂದೂ ಹೇಳಿದೆ.

"ಇಳಿದೆ ಅಂದ್ಕೊಂಡ್ಲಾ" ಅಂದರು. "ನೋಡೋಣ ಬಿಡು."

ಆ 'ನೋಡೋಣ' ಮುಗಿಯಲೇ ಇಲ್ಲ. ಅವರು ಅವಳ ಅನುಮಾನ ಹೋಗಲಿ ಎಂದು ಕಾದರು, ಅವಳು ಅವರು ಬರಲಿ ಎಂದು ಕಾದಳು. ಚಿಕ್ಕಪ್ಪ ಅದೇ ಗಾಡಿಯಲ್ಲಿ ಕಾರ್ಖಾನೆಗೆ ಹೋಗುತ್ತಿದ್ದರು, ಆದರೆ ಮುನೇಶ್ವರನ ಮುಂದೆ ಕೈ ಎತ್ತುವುದನ್ನು ಬಿಟ್ಟರು. ಗಾಡಿ ಅಲ್ಲಿ ಕುಗ್ಗದೆ ನೆಟ್ಟಗೆ ಓಡುತ್ತಿತ್ತು. ನನ್ನ ವಾದ ಗೆದ್ದಿತ್ತು. ಅಷ್ಟು ಬೇಸರದ ಗೆಲುವನ್ನು ನಾನು ಮತ್ತೆ ಕಂಡಿಲ್ಲ. ಕ್ರಮೇಣ ಸೈಟುಗಳ ಮೇಲೆ ಮನೆಗಳೆದ್ದವು, ಬಸ್ಸು ಬೀದಿ ತುದಿಗೇ ಬಂತು, ಪಕ್ಕದ ಮನೆಯವರ ರೇಡಿಯೋ ನಮ್ಮ ಅಡುಗೆಮನೆಗೆ ಕೇಳತೊಡಗಿತು. ನರಿಗಳು ಎಲ್ಲಿಗೋ ಹೋದವು. ಚಿಕ್ಕಮ್ಮನ ದೂರಿಗೆ ಒಂದು ಕಾರಣವೂ ಉಳಿಯಲಿಲ್ಲ. ಅವಳು ಬರಲಿಲ್ಲ.

ನೆಂಟರ ಮದುವೆಗಳಲ್ಲಿ ಅವಳು ಸಿಕ್ಕಾಗ ನನ್ನನ್ನು ಪಕ್ಕಕ್ಕೆ ಕರೆಯುತ್ತಿದ್ದಳು. ಕೂದಲು ಬೆಳ್ಳಗಾದ ಮೇಲೂ ಪ್ರಶ್ನೆ ಅದೇ.

"ನಂಜ, ನಿಜ ಹೇಳು. ಬಿದ್ರಾ, ಇಳಿದ್ರಾ?"

"ಬಿದ್ದೆ ಅಂತ ಅವರು ಹೇಳ್ತಾರೆ ಚಿಕ್ಕಮ್ಮ."

"ಅವ್ರು ಹೇಳೋದು ಬೇಡ. ನೀನು ಹೇಳು."

ನಾನು ನೋಡಿರಲಿಲ್ಲ. ನೋಡದ್ದನ್ನು ನೋಡಿದೆ ಎನ್ನಬಾರದೆಂದು ಕಲಿತವನು, ಮಕ್ಕಳಿಗೆ ಅದನ್ನೇ ಕಲಿಸುತ್ತಿದ್ದವನು. ಗೊತ್ತಿಲ್ಲ ಅನ್ನುತ್ತಿದ್ದೆ. ಅವಳು ತಲೆಯಾಡಿಸಿ ಊಟದ ಪಂಕ್ತಿಗೆ ಹೋಗುತ್ತಿದ್ದಳು. ಮದುವೆಯ ಛತ್ರದಲ್ಲಿ ಅವಳ ಬೆನ್ನು ನೋಡುತ್ತಾ ನಿಂತಾಗಲೆಲ್ಲ, ಈ 'ಗೊತ್ತಿಲ್ಲ'ವನ್ನು ನನಗೆ ಕಲಿಸಿದವರಿಗೆ ಇಂಥ ಚಿಕ್ಕಮ್ಮ ಇದ್ದಿರಲಾರಳು ಅನ್ನಿಸುತ್ತಿತ್ತು.

ಚಿಕ್ಕಪ್ಪ ತೀರಿಕೊಂಡ ದಿನ ಅವಳು ಬಂದಳು. ರಾಜಾಜಿನಗರದ ಆ ಮನೆಯ ಹೊಸಿಲು ದಾಟಿದ್ದು, ತವರಿಗೆ ಹೋದ ಮೇಲೆ ಅದೇ ಮೊದಲು. ಅಂಗಳದಲ್ಲಿ ದೇಹವನ್ನು ಮಣೆಯ ಮೇಲೆ ಕೂರಿಸಿ ಮೀಯಿಸುವಾಗ ಚೊಂಬು ಹಿಡಿದು ನಿಂತಳು. ಬೆನ್ನ ಹಿಂದೆ ಆನಿಸಿ ಹಿಡಿದಿದ್ದವನು ನಾನು. ಚಿಕ್ಕಪ್ಪನ ತೋಳುಗಳನ್ನು ನಾನು ಬರಿದಾಗಿ ನೋಡಿದ್ದೂ ಆ ದಿನವೇ. ಎರಡು ಮೊಣಕೈಗಳ ಹಿಂಬದಿಯಲ್ಲೂ ಚರ್ಮ ಕಿತ್ತು ಕೂಡಿದ ಹಳೆಯ ಗುರುತಿತ್ತು, ಒಂದೇ ಅಗಲ, ಒಂದೇ ಎತ್ತರ. ಒಂದು ತೋಳನ್ನು ಚಿಕ್ಕಮ್ಮನ ಕಡೆಗೆ ತಿರುಗಿಸಿದೆ, ಆಮೇಲೆ ಇನ್ನೊಂದನ್ನು.

ಅವಳು ಬಗ್ಗಿ ನೋಡಿದಳು. "ಕಾರ್ಖಾನೇದಿರಬೋದು" ಅಂದಳು. ಅನುಮಾನ ಅವಳಿಗೂ ಅಂಟಿಕೊಂಡಿತ್ತು.

ನಾನೂ ಹಾಗೇ ಅಂದುಕೊಂಡೆ. ಆದ್ದರಿಂದ ತಿಥಿಯ ಊಟಕ್ಕೆ ಬಂದಿದ್ದ, ಚಿಕ್ಕಪ್ಪನ ಜೊತೆ ಕೆಲಸ ಮಾಡಿದ ಹಿರಿಯರೊಬ್ಬರನ್ನು ಚಿಕ್ಕಮ್ಮನ ಎದುರಿಗೇ ಕೇಳಿದೆ. ಮೆಷಿನ್ ಶಾಪಿನಲ್ಲಿ ಚಿಕ್ಕಪ್ಪನಿಗೆ ಎಂದೂ ಪೆಟ್ಟಾಗಿರಲಿಲ್ಲವಂತೆ. ಒಂದು ಸೋಮವಾರ ಮಾತ್ರ ಎರಡೂ ಮೊಣಕೈಗೆ ಬಟ್ಟೆ ಸುತ್ತಿಕೊಂಡು ಬಂದಿದ್ದರಂತೆ. ಏನಾಯಿತೆಂದು ಕೇಳಿದ್ದಕ್ಕೆ, ಮಾವನ ಮನೆ ದಾರಿಯಲ್ಲಿ ಬಿದ್ದೆ ಅಂದಿದ್ದರಂತೆ.